ಹೆಂವಲ್ ಕಣಿವೆಯ ಘರಾಟ್: ನೀರು ಬೀಸಿದ ರಾಗಿ ಹಿಟ್ಟು

ಉತ್ತರಾಖಂಡದ ಋಷಿಕೇಶದಿಂದ ಚಂಬಾಕ್ಕೆ ಹೋಗುವ ರಸ್ತೆ ನರೇಂದ್ರನಗರ, ಆಗ್ರಾಖಾಲ್ ದಾಟಿ ಫಕೋಟ್ ಕಡೆಗೆ ಇಳಿಯುವಾಗ ಹೆಂವಲ್ ನದಿ ಜೊತೆಗೂಡುತ್ತದೆ. ಜಾಜಲ್, ಖಾಡಿ, ನಾಗಣಿಯವರೆಗೂ ಅದು ಹೆಚ್ಚು ದೂರ ಸರಿಯುವುದಿಲ್ಲ. ತೆಹ್ರಿ ಅಣೆಕಟ್ಟು ನೋಡುವ ಆತುರದಲ್ಲಿ ಹೆಚ್ಚಿನವರು ಈ 60 ಕಿಲೋಮೀಟರ್ ಆಸುಪಾಸಿನ ದಾರಿಯನ್ನು ನಿಲ್ಲದೆ ಮುಗಿಸಿಬಿಡುತ್ತಾರೆ. ನೀರಿನ ಬಲದಿಂದ ಕಾಳು ಬೀಸುವ ಘರಾಟ್ ನೋಡಬೇಕೆಂದರೆ ಈ ನಡುದಾರಿಯಲ್ಲೇ ಇಳಿಯಬೇಕು.

ಹೋಗಲು ಒಳ್ಳೆಯ ಕಾಲ ಅಕ್ಟೋಬರ್, ನವೆಂಬರ್. ಮಳೆ ನಿಂತಿರುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ಇರುತ್ತದೆ, ಮಂಡುವಾ ಕೊಯ್ಲಾಗಿ ಮನೆ ಸೇರುತ್ತಿರುತ್ತದೆ. ಮಂಡುವಾ ಎಂದರೆ ನಮ್ಮ ರಾಗಿಯೇ. ಈ ಗಢವಾಲ ಸೀಮೆಯಲ್ಲಿ ಕೋದಾ ಎಂದೂ ಕರೆಯುತ್ತಾರೆ. ಬೇಸಿಗೆಯಲ್ಲಿ ನೀರೆಲ್ಲ ಗದ್ದೆಗೆ ಹೋಗುತ್ತದೆ, ಮಳೆಗಾಲದಲ್ಲಿ ಪ್ರವಾಹದ ಭಯ.

ಘರಾಟನ್ನು ನದಿಯ ನಡುಹರಿವಿನಲ್ಲಿ ಹುಡುಕಿದರೆ ಸಿಗದು. ಮೇಲೆಲ್ಲೋ ಕಲ್ಲು ಅಡ್ಡವಿಟ್ಟು ತಿರುಗಿಸಿದ ನೀರು ಗುಡ್ಡದ ಮಗ್ಗುಲಲ್ಲಿ ಸಣ್ಣ ಕಾಲುವೆಯಾಗಿ ಬರುತ್ತದೆ. ಅದಕ್ಕೆ ಗೂಲ್ ಎನ್ನುತ್ತಾರೆ. ಗೂಲ್ ಹಿಡಿದು ನಡೆದರೆ ಅದು ಥಟ್ಟನೆ ಕೆಳಗೆ ಧುಮುಕುವ ಜಾಗದಲ್ಲಿ ಕಲ್ಲಿನ ಗೋಡೆಯ ತಗ್ಗು ಗುಡಿಸಲು ಕಾಣುತ್ತದೆ. ಬಾಗಿಲಿಗೆ ಹೋಗುವ ಮುನ್ನ ಗುಡಿಸಲಿನ ಅಡಿಯನ್ನು ಬಗ್ಗಿ ನೋಡಿ. ಘರಾಟಿನ ಜಾಣ್ಮೆಯೆಲ್ಲ ಅಲ್ಲಿದೆ.

ಅಲ್ಲಿ ಚಕ್ರ ಅಡ್ಡಡ್ಡ ಮಲಗಿರುತ್ತದೆ. ದಪ್ಪ ಮರದ ಅಚ್ಚು ನೆಟ್ಟಗೆ ನಿಂತಿದ್ದು, ಅದರ ಸುತ್ತ ಮರದ ಅಲಗುಗಳನ್ನು ಓರೆಯಾಗಿ ಬಡಿದಿರುತ್ತಾರೆ. ಒಂದೇ ಮರವನ್ನು ತೋಡಿ ಮಾಡಿದ ಕಡಿದಾದ ದೋಣಿ, ನಮ್ಮ ಮಲೆನಾಡಿನ ಅಡಿಕೆ ದಂಬೆಯ ಹಾಗೆಯೇ, ನೀರನ್ನು ಅಲಗಿನ ಮೇಲೆ ಎರಚುತ್ತದೆ. ದೋಣಿಯ ಬಾಯಿ ಕೆಳಗೆ ಹೋದಂತೆ ಕಿರಿದಾಗಬೇಕು. ಇಲ್ಲದಿದ್ದರೆ ನೀರು ಚದುರಿ ಹೊಡೆತ ಸತ್ತುಹೋಗುತ್ತದೆ.

ಲೆಕ್ಕ ಹೀಗಿದೆ. 4 ಮೀಟರ್ ಎತ್ತರದಿಂದ ಬೀಳುವ ನೀರಿನ ವೇಗ, ತಿಕ್ಕಾಟ ಬಿಟ್ಟರೆ, ಸೆಕೆಂಡಿಗೆ ಸುಮಾರು 9 ಮೀಟರ್. ಅಲಗು ಅದರ ಅರ್ಧ ವೇಗದಲ್ಲಿ ಓಡಿದಾಗ ಹೆಚ್ಚು ಶಕ್ತಿ ಸಿಗುತ್ತದೆ. 60 ಸೆಂಟಿಮೀಟರ್ ಅಗಲದ ಚಕ್ರವಾದರೆ ಅದು ನಿಮಿಷಕ್ಕೆ 140 ಸುತ್ತಿನ ಹತ್ತಿರ, ಅಂದರೆ ಬೀಸುವ ಕಲ್ಲಿಗೆ ಬೇಕಾದ ವೇಗವೇ. ಅಚ್ಚಿನ ಮೇಲ್ತುದಿ ಕೆಳಗಲ್ಲಿನ ತೂತಿನಲ್ಲಿ ಹಾದು ನೇರ ಮೇಲುಗಲ್ಲನ್ನು ತಿರುಗಿಸುತ್ತದೆ. ನಡುವೆ ಹಲ್ಲುಚಕ್ರವೇ ಬೇಡ. ಯೂರೋಪಿನ ಎದ್ದುನಿಂತ ದೊಡ್ಡ ವಾಟರ್ ವ್ಹೀಲ್ ನಿಧಾನ ತಿರುಗುವುದರಿಂದ ಅದಕ್ಕೆ ಗೇರುಗಳ ಸಾಲೇ ಬೇಕು. ಮಲಗಿದ ಚಕ್ರದ ಗಿರಣಿ ಅಲ್ಲೂ ಇದೆ. ಇಂಗ್ಲಿಷಿನಲ್ಲಿ ಅದನ್ನು ನಾರ್ಸ್ ಮಿಲ್ ಎನ್ನುತ್ತಾರೆ, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಡೌನ್ಬಿಯಲ್ಲಿ ಒಂದನ್ನು ಉಳಿಸಿಕೊಂಡಿದ್ದಾರೆ. ಈ ಸರಳತೆಗೆ ತೆರುವ ಬೆಲೆಯೂ ಇದೆ: ನೀರಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಿಮ್ಮಿ ವ್ಯರ್ಥವಾಗುತ್ತದೆ. ಸೆಕೆಂಡಿಗೆ 60 ಲೀಟರ್ ನೀರು ಬಿದ್ದರೂ, ಕಾಲು ಭಾಗವಷ್ಟೇ ದಕ್ಕಿದರೆ, ಕಲ್ಲಿಗೆ ಸಿಗುವುದು 600 ವಾಟ್ ಮಾತ್ರ. ಗಂಟೆಗೆ ಹತ್ತು ಕಿಲೋ ಆಸುಪಾಸು ಹಿಟ್ಟಿಗೆ ಅಷ್ಟು ಸಾಕು.

ಈಗ ಒಳಗೆ ಬನ್ನಿ. ಕಲ್ಲಿನ ಮೇಲೆ ಕಾಳಿನ ಬುಟ್ಟಿ ತೂಗುತ್ತಿರುತ್ತದೆ. ಬುಟ್ಟಿಯ ಬಾಯಿಗೆ ಕಟ್ಟಿದ ಕೋಲು ತಿರುಗುವ ಕಲ್ಲಿನ ಮೇಲೆ ಕುಣಿಯುತ್ತಾ ಕಾಳು ಉದುರಿಸುತ್ತದೆ. ಕಲ್ಲು ಜೋರಾದರೆ ಕಾಳೂ ಜೋರು, ನಿಧಾನವಾದರೆ ಕಾಳೂ ನಿಧಾನ. ಇದಕ್ಕಿಂತ ಚೆಂದದ ನಿಯಂತ್ರಣ ಬೇರೆ ಬೇಕಿಲ್ಲ. ಬುಟ್ಟಿ ಬರಿದಾಗಲು ಮಾತ್ರ ಬಿಡಬಾರದು; ಕಲ್ಲಿಗೆ ಕಲ್ಲು ತಾಗಿ ಹಿಟ್ಟಿನಲ್ಲಿ ಮರಳು ಸೇರುತ್ತದೆ.

ನುಣುಪು ತರಿಗಳನ್ನು ನಿರ್ಧರಿಸುವುದು ಎರಡು ಕಲ್ಲುಗಳ ನಡುವಿನ ಸಂದು. ಅಚ್ಚಿನ ಕೆಳತುದಿ ಕೂತ ಅಡ್ಡತೊಲೆಯ ಒಂದು ಕೊನೆಯನ್ನು ನೆಲದ ಮೂಲಕ ಮೇಲೆ ಬಂದ ಕಂಬದಿಂದ ಎತ್ತಿ ಇಳಿಸುತ್ತಾರೆ, ಅದು ಜಾರದಂತೆ ಬೆಣೆ ಬಡಿಯುತ್ತಾರೆ. ಚಕ್ರ, ಅಚ್ಚು, ಮೇಲುಗಲ್ಲು ಮೂರೂ ಒಟ್ಟಿಗೆ ಕೂದಲೆಳೆಯಷ್ಟು ಏಳುತ್ತವೆ. ರಾಗಿ ಸಣ್ಣ ಕಾಳು, ಸಂದು ಗೋಧಿಗಿಂತ ಬಿಗಿ ಬೇಕು. ತೇವದ ರಾಗಿ ಹಾಕಿದರೆ ಕಲ್ಲಿಗೆ ಮೆತ್ತಿಕೊಂಡು ಚಕ್ರವೇ ನಿಂತುಬಿಡುತ್ತದೆ.

ಕೆಡುವುದು ಹೆಚ್ಚಾಗಿ ನೀರಿನ ಕಡೆಯಿಂದಲೇ. ಗೂಲಿನಲ್ಲಿ ಎಲೆ, ಕಡ್ಡಿ ಕಟ್ಟಿಕೊಂಡರೆ ನೀರು ಹೊರಚೆಲ್ಲಿ ದಂಡೆ ಕುಸಿಯುತ್ತದೆ. ಅದಕ್ಕೇ ದೋಣಿಯ ತಲೆಯಲ್ಲಿ ಕಡ್ಡಿಗಳ ಜಾಲರಿ ಇಡುತ್ತಾರೆ. ಅದನ್ನು ತಪ್ಪಿಸಿಕೊಂಡ ಒಂದು ಬೆಣಚುಕಲ್ಲು ಅಲಗು ಮುರಿಯಬಲ್ಲದು. ನದಿ ಏರಿ ಹೊರಹೋಗುವ ನೀರು ಹಿಮ್ಮೆಟ್ಟಿದರೆ ಚಕ್ರ ಮುಳುಗುತ್ತದೆ, ಮುಳುಗಿದ ಚಕ್ರ ತಿರುಗದು. ತಿಂಗಳುಗಟ್ಟಲೆ ಒಣಗಿದರೆ ಮರ ಕುಗ್ಗಿ ಅಲಗುಗಳು ಸಡಿಲವಾಗುತ್ತವೆ. ಕಲ್ಲಿನ ಮೈ ಸವೆದು ನಯವಾದಾಗ ಮೇಲುಗಲ್ಲನ್ನು ಮಗುಚಿ ಉಳಿಯಿಂದ ಮತ್ತೆ ಒರಟು ಮಾಡಬೇಕು. ಇದೆಲ್ಲದರ ಮೇಲೆ ರಸ್ತೆಬದಿಯ ವಿದ್ಯುತ್ ಗಿರಣಿಯ ಪೈಪೋಟಿ ಬೇರೆ. ಡೆಹ್ರಾಡೂನಿನ ಹೆಸ್ಕೋ ಸಂಸ್ಥೆ ಉಕ್ಕಿನ ಬಾಗಿದ ಅಲಗು, ಬಾಲ್ ಬೇರಿಂಗ್ ಹಾಕಿಸಿ ಘರಾಟುಗಳನ್ನು ಸುಧಾರಿಸುವ ಕೆಲಸ ಮಾಡಿದೆ. ಹಾಗೆ ಮಾಡಿದ ಚಕ್ರ ಹಗಲು ಹಿಟ್ಟು ಬೀಸಿ ರಾತ್ರಿ ಡೈನಮೋ ತಿರುಗಿಸಬಲ್ಲದು. ನಮ್ಮ ಪಶ್ಚಿಮ ಘಟ್ಟದ ಮನೆಗಳಲ್ಲಿ ಹಳ್ಳದ ನೀರಿಗೆ ಕೂರಿಸಿದ ಪುಟ್ಟ ಟರ್ಬೈನುಗಳನ್ನು ಬಲ್ಲವರಿಗೆ ಇದು ಹೊಸದಲ್ಲ.

ನಾಗಣಿಯ ಮೇಲಿನ ಜಡಧಾರ್‌ಗಾಂವ್ ಬೀಜ್ ಬಚಾವೋ (ಬೀಜ ಉಳಿಸಿ) ಆಂದೋಲನದ ಊರು. ಮಂಡುವಾ, ರಾಜಮಾ, ಹುರುಳಿ ಮುಂತಾದವನ್ನು ಒಂದೇ ಹೊಲದಲ್ಲಿ ಬೆಳೆಯುವ ಬಾರಹನಾಜಾ (ಹನ್ನೆರಡು ಧಾನ್ಯ) ಪದ್ಧತಿಯನ್ನು ಉಳಿಸಲು ದುಡಿದ ಊರು ಅದು. ಸಣ್ಣ ಸಣ್ಣ ಪ್ರಮಾಣದಲ್ಲಿ ಬಗೆಬಗೆಯ ಕಾಳು ಬೀಸುವುದಕ್ಕೆ ಘರಾಟಿನಷ್ಟು ಒಗ್ಗುವ ಗಿರಣಿ ಇನ್ನೊಂದಿಲ್ಲ. ಕಾಳು ನಿಮ್ಮದೇ ತಂದರೆ ಬೀಸಿಕೊಡುತ್ತಾರೆ, ಕೂಲಿ ವಾಡಿಕೆಯಂತೆ ಹಿಟ್ಟಿನಲ್ಲೇ ಒಂದು ಪಾಲು. ಹೊಟ್ಟು ಸಮೇತ ಬೀಸಿದ ಹಿಟ್ಟು ಬೇಗ ಮುಗ್ಗುವುದರಿಂದ ಎರಡು ಕಿಲೋಗಿಂತ ಹೆಚ್ಚು ಒಯ್ಯಬೇಡಿ. ಬಿಸಿ ಪೂರ್ತಿ ಆರಿದ ಮೇಲೆ ಬಟ್ಟೆ ಚೀಲಕ್ಕೆ ತುಂಬಿ.