ಫೋಟೋದಾಗಿನ ವಿಮಾನ ಕಿರಣ್ ಇರಬೇಕೋ, ಹಾಕ್ ಇರಬೇಕೋ?

ಬೀದರ ಏರ್‌ಫೋರ್ಸ್ ಸ್ಟೇಷನ್, ವಾಯುಪಡೆಯ ಸೂರ್ಯಕಿರಣ ವೈಮಾನಿಕ ಕಸರತ್ತಿನ ತಂಡ ಅಂತ ಬರಕೋತ ಇದ್ದ ಪತ್ರಕರ್ತರು ತೀರಿಕೊಂಡ್ರ ಮನಿಯವರಿಗೆ ಉಳಿಯೋದು ಪೇಪರ್ ಕಟಿಂಗ್, ಫೋಟೋ, ನೆಗೆಟಿವ್ ತುಂಬಿದ ಒಂದು ಟ್ರಂಕು. ಅದನ್ನ ತಗಡಿನ ಸೂರಿನ ಕೆಳಗ ಇಡಬ್ಯಾಡ್ರಿ, ಬ್ಯಾಸಿಗಿ ಕಾವಿಗೆ ನ್ಯೂಸ್‌ಪ್ರಿಂಟ್ ಹಪ್ಪಳದಂಗ ಮುರಿತದ. ಮೊದಲು ಪಿನ್ನು ಬಿಚ್ಚ್ರಿ, ತುಕ್ಕು ಹಾಳಿಗೆ ಇಳಿತದ. ಲ್ಯಾಮಿನೇಷನ್ ಬ್ಯಾಡೇ ಬ್ಯಾಡ. ಕಾಗದದಾಗಿನ ಆಮ್ಲ ಒಳಗೇ ಉಳಿತದ, ಆಮ್ಯಾಲ ಬಿಡಿಸಲಿಕ್ಕೂ ಬರಂಗಿಲ್ಲ. ಕಟಿಂಗ್ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನೋ ಲೆಕ್ಕ), ನೆಗೆಟಿವ್ 3200ಕ್ಕ ಸ್ಕ್ಯಾನ್ ಮಾಡಿ ಟಿಫ್ ಫೈಲಾಗಿ ಇಡ್ರಿ. ವಿನೆಗರ್ ವಾಸನಿ ಹೊಡೆಯೋ ನೆಗೆಟಿವ್ ಕೆಡಲಿಕ್ಕೆ ಹತ್ತ್ಯದ ಅಂತ ಅರ್ಥ; ಅದು ಬ್ಯಾರೆ ಡಬ್ಬಿಗೆ, ಸ್ಕ್ಯಾನಿಗೆ ಅದರದೇ ಮೊದಲ ಪಾಳಿ.

ಕತ್ತರಿ ಯಾಕೋ ಯಾವಾಗಲೂ ತಾರೀಖಿನ ಸಾಲನ್ನೇ ಹೊರಗ ಬಿಡ್ತದ! ಹಂಗಾಗಿ ಕಾಲ ಅಂದಾಜು ಮಾಡಲಿಕ್ಕೆ ತಂಡದ ಫೋಟೋದಾಗ ಕಾಕ್‌ಪಿಟ್ ನೋಡ್ರಿ. ಪೈಲಟ್‌ಗಳ ಸೀಟು ಅಕ್ಕಪಕ್ಕ ಇದ್ರ ಕಿರಣ್, ತಂಡ 2011ರ ತನಕ ಹಾರಿಸಿದ್ದು. ಒಂದರ ಹಿಂದ ಒಂದು ಇದ್ರ ಹಾಕ್, ಅಂದ್ರ ಅದರ ನಂತರದ್ದು. ಫೋಟೋದ ಬೆನ್ನಿನ ಪೆನ್ಸಿಲ್ ಬರಹಾನೂ ಸ್ಕ್ಯಾನ್ ಆಗಲಿ.