ಲಾಳಿ ಹಿಡಿದವರಿಗಷ್ಟೇ ಮಾತು

ದಾವಣಗೆರೆಯ ನಮ್ಮ ಹೈಸ್ಕೂಲಿನಲ್ಲಿ ಗಲಾಟೆ ಆದರೆ ಮುಂದೇನು ಅನ್ನುವುದು ಮಕ್ಕಳಿಗೂ ಬಾಯಿಪಾಠ. ಸ್ಟಾಫ್ ರೂಮಿನ ಹೊರಗೆ ನಿಲ್ಲಿಸುತ್ತೇವೆ. ಅಪ್ಪ-ಅಮ್ಮನನ್ನು ಕರೆಸುತ್ತೇವೆ. ಮುಚ್ಚಳಿಕೆ ಬರೆಸಿಕೊಂಡು, ಇನ್ನೊಂದು ಸಲ ಆದ್ರೆ ಟಿಸಿ ಅನ್ನುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಬೆತ್ತ ಮೂಲೆ ಸೇರಿತು. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಮಕ್ಕಳು ಒಂಬತ್ತಕ್ಕೆ ಬಂದ ಕೂಡಲೇ ನಮ್ಮ ಬಾಯಲ್ಲಿ ಟಿಸಿ ಮಾತು ಯಾಕೆ ಜಾಸ್ತಿಯಾಗುತ್ತದೆ ಅಂತ ಈಗ ಅರ್ಥವಾಯಿತಲ್ವಾ?

ಈ ಪ್ರಸಂಗವೂ ಒಂಬತ್ತನೇ ತರಗತಿಯದ್ದೇ. ಒಬ್ಬ ಹುಡುಗನ ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಬೆಳಗ್ಗೆ ಅವನೂ ಅಪ್ಪನಿಗೆ ಕೈಜೋಡಿಸಿ ಸ್ಕೂಲಿಗೆ ಬರುತ್ತಿದ್ದ. ಅಂಗಿಗೆ ಹೊಗೆ ವಾಸನೆ. ಅವನು ನಲ್ಲಿ ಹತ್ತಿರ ನಿಂತು ಅಂಗಿ ಕೊಡವುವುದನ್ನು ಇನ್ನೊಬ್ಬ ಹುಡುಗ ವಿಡಿಯೋ ಮಾಡಿದ. ಅದಕ್ಕೊಂದು ಹಾಡು ಸೇರಿಸಿ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಮಾರನೇ ದಿನ ಭಟ್ಟಿ ಹುಡುಗ ಆ ಫೋನನ್ನು ಕಿತ್ತುಕೊಂಡು ಮಹಡಿಯಿಂದ ಕೆಳಗೆಸೆದ. ಸ್ಕೂಲಿಗೆ ಫೋನ್ ತರುವಂತೆಯೇ ಇರಲಿಲ್ಲ, ಅದು ಬೇರೆ ಮಾತು. ಆದರೆ ಒಡೆದ ಫೋನ್ ವಿಡಿಯೋ ಮಾಡಿದವನದ್ದಲ್ಲ. ಡಿಗ್ರಿ ಓದುತ್ತಿದ್ದ ಅವನ ಅಕ್ಕನದ್ದು.

ನಾನು ಆಗಷ್ಟೇ ರೆಸ್ಟೋರೇಟಿವ್ ಜಸ್ಟೀಸ್ ಮಾತುಕತೆ ನಡೆಸುವ ತರಬೇತಿಗೆ ಸೇರಿದ್ದೆ. ಯಾವ ನಿಯಮ ಮುರಿದ, ಅದಕ್ಕೆ ಏನು ಶಿಕ್ಷೆ ಅಂತ ಕೇಳುವ ಬದಲು ಯಾರಿಗೆ ನೋವಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಮಾಡಿಕೊಡಬೇಕಾದವರು ಯಾರು ಅಂತ ಎಲ್ಲರೂ ಕೂತು ಮಾತಾಡುವ ಪದ್ಧತಿ ಇದು. 1974ರಲ್ಲಿ ಕೆನಡಾದ ಎಲ್ಮೈರಾ ಅನ್ನುವ ಊರಲ್ಲಿ ಇಬ್ಬರು ಹುಡುಗರು ಕುಡಿದು 22 ಕಡೆ ಆಸ್ತಿಪಾಸ್ತಿ ಹಾಳುಮಾಡಿದರು. ಅವರನ್ನು ನಷ್ಟವಾದವರ ಮನೆಮನೆಗೆ ಕರೆದುಕೊಂಡು ಹೋಗಿ ಮುಖ ಕೊಟ್ಟು ಮಾತಾಡಿಸಿದ ಪ್ರೊಬೇಷನ್ ಅಧಿಕಾರಿಯ (ಕೋರ್ಟಿನ ಪರವಾಗಿ ತಪ್ಪು ಮಾಡಿದವರ ಮೇಲೆ ನಿಗಾ ಇಡುವವರು) ಕತೆಯಿಂದಲೇ ಎಲ್ಲ ತರಬೇತಿಗಳೂ ಶುರುವಾಗುತ್ತವೆ. 1989ರಲ್ಲಿ ನ್ಯೂಜಿಲೆಂಡ್ ಮಕ್ಕಳ ಪ್ರಕರಣಗಳಲ್ಲಿ ಮನೆಯವರನ್ನೆಲ್ಲ ಕೂರಿಸಿ ಮಾತಾಡುವುದನ್ನು ಕಾನೂನಿಗೇ ಸೇರಿಸಿತು. ಅಲ್ಲಿನ ಮಾವೋರಿ ಜನರ ಪದ್ಧತಿಯ ಪ್ರಭಾವ ಅದರ ಹಿಂದಿತ್ತು. 1994ರ ಹೊತ್ತಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಶಾಲೆಯೊಳಕ್ಕೂ ಬಂತು.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯ ಮೇಷ್ಟ್ರೊಬ್ಬರು, "ಇದರಲ್ಲಿ ಹೊಸದೇನೈತ್ರೀ? ಸಿರಿಗೆರೇಲಿ ಸೋಮವಾರ ಸೋಮವಾರ ನಡೀತದಲ್ಲ" ಅಂದರು. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮಾತು ಅದು. ನಮ್ಮ ಕಡೆಯ ಹೊಲ-ಮನೆ ವ್ಯಾಜ್ಯ, ಗಂಡ-ಹೆಂಡತಿ ಜಗಳ ಅಲ್ಲಿಗೆ ಹೋಗುವುದುಂಟು. ಮೇಷ್ಟ್ರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೋರ್ಟಿನ ಹೊರಗೆ, ಎರಡೂ ಕಡೆಯವರನ್ನು ಎದುರುಬದುರು ಕೂರಿಸುವುದು ನಮಗೆ ಹೊಸದಲ್ಲ. ಆದರೆ ಅಲ್ಲಿ ಎರಡೂ ಕಡೆಯವರು ಗೌರವಿಸುವ ಒಬ್ಬರು ಕೇಳಿ ತೀರ್ಮಾನ ಹೇಳುತ್ತಾರೆ. ನಾನು ಕಲಿಯುತ್ತಿದ್ದ ಕೆಲಸದಲ್ಲಿ ಆ ಕುರ್ಚಿಯೇ ಇಲ್ಲ. ತೀರ್ಮಾನ ಹೇಳುವುದನ್ನೇ ಕಸುಬು ಮಾಡಿಕೊಂಡ ಮೇಷ್ಟ್ರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ತರಬೇತಿ ಕೊಡುತ್ತಿದ್ದ ಮೇಡಂ ತಾವೇ ಬಂದು ನಡೆಸಿಕೊಡುವುದಾಗಿ ಹೇಳಿದರು. ನಾನು ಜೊತೆಗಿರಬೇಕು. ಎಲ್ಲರನ್ನೂ ನಾಳೆಯೇ ಕೂರಿಸಿಬಿಡೋಣ ಅಂದುಕೊಂಡಿದ್ದೆ. "ಮೊದಲು ಒಬ್ಬೊಬ್ಬರ ಹತ್ತಿರ ಹೋಗೋಣ ಸರ್. ಬರಲ್ಲ ಅಂದ್ರೆ ಬಲವಂತ ಇಲ್ಲ" ಅಂದರು ಅವರು.

ನಿಜವಾದ ಕೆಲಸವೆಲ್ಲ ಆ ಒಬ್ಬೊಬ್ಬರ ಭೇಟಿಯಲ್ಲೇ ಆಯಿತು ಅಂತ ನನಗನ್ನಿಸುತ್ತದೆ. ಕೇಳುವ ಪ್ರಶ್ನೆಗಳು ಕೆಲವೇ. ಏನಾಯಿತು? ಆಗ ತಲೆಯಲ್ಲಿ ಏನು ಓಡುತ್ತಿತ್ತು? ಆಮೇಲೆ ಏನನ್ನಿಸಿತು? ಯಾರಿಗೆಲ್ಲ ಏನೇನಾಯಿತು? ಸರಿಹೋಗಲು ಏನಾಗಬೇಕು? ನಮ್ಮ ಮೆಚ್ಚಿನ "ಯಾಕೋ ಮಾಡಿದೆ?" ಈ ಪಟ್ಟಿಯಲ್ಲಿಲ್ಲ. ಯಾಕೆ ಅಂದ ಕೂಡಲೇ ಮಕ್ಕಳು ನೆಲ ನೋಡುತ್ತಾರೆ, ಇಲ್ಲವೇ ನೆಪ ಹುಡುಕುತ್ತಾರೆ. ಇಷ್ಟು ವರ್ಷ ಪಾಠ ಮಾಡಿದ ಯಾರಿಗಾದರೂ ಇದು ಗೊತ್ತು. ಆದರೂ ಕೇಳುತ್ತೇವೆ.

ಭಟ್ಟಿಗೆ ಹೋದಾಗ ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು. ಹೊಟ್ಟಿನ ಬೆಂಕಿಯ ಹೊಗೆಗೆ ನನ್ನ ಕಣ್ಣಲ್ಲಿ ನೀರು. ಹುಡುಗನ ಅಪ್ಪ ಕೆಲಸ ಬಿಡದೆ ಮಾತಾಡಿದರು. "ಎರಡು ಬಿಟ್ಟು ಕಳಿಸ್ರಿ ಸರ್, ಸರಿಹೋಗ್ತಾನೆ. ಇಷ್ಟಕ್ಕೆಲ್ಲ ನಮ್ಮನ್ನ ಯಾಕೆ ಕರೀತೀರಿ?" ಮೇಡಂ ಉಪದೇಶ ಮಾಡಲಿಲ್ಲ. ವಿಡಿಯೋ ನೋಡಿದಾಗ ನಿಮಗೆ ಏನನ್ನಿಸಿತು ಅಂತಷ್ಟೇ ಕೇಳಿದರು. ಅವರು ನೋಡಿಯೇ ಇರಲಿಲ್ಲ. ಮಗ ತೋರಿಸಿರಲಿಲ್ಲ. ಸ್ವಲ್ಪ ಹೊತ್ತು ಮರಳು ತಿರುವುತ್ತಾ ನಿಂತರು. ಆಮೇಲೆ, "ಎಷ್ಟೊತ್ತಿಗೆ ಬರ್ಬೇಕು ಹೇಳ್ರಿ" ಅಂದರು.

ಅಕ್ಕ ಬರುತ್ತಾಳೆ ಅಂತ ನನಗೆ ನಂಬಿಕೆಯಿರಲಿಲ್ಲ. ಅವಳನ್ನು ಯಾರೂ ಅಲ್ಲಿಯವರೆಗೆ ಏನೂ ಕೇಳಿಯೇ ಇರಲಿಲ್ಲವಂತೆ. ಮುಚ್ಚಳಿಕೆಯಲ್ಲೂ ಅವಳ ಹೆಸರಿಗೆ ಜಾಗ ಇರುತ್ತಿರಲಿಲ್ಲ.

ಮಾತುಕತೆಯ ದಿನ ಲೈಬ್ರರಿ ಕೋಣೆಯ ಟೇಬಲ್‌ಗಳನ್ನೆಲ್ಲ ಹೊರಗಿಟ್ಟೆವು. ಕುರ್ಚಿಗಳನ್ನು ಸುತ್ತ ಜೋಡಿಸಿದೆವು. ಯಾರ ಪಕ್ಕ ಯಾರು, ಯಾರು ಮೊದಲು ಒಳಗೆ ಬರಬೇಕು, ಎಲ್ಲವನ್ನೂ ಮೇಡಂ ಚೀಟಿಯಲ್ಲಿ ಬರೆದಿದ್ದರು. ಸರದಿಯ ಮೇಲೆ ಕೈಯಿಂದ ಕೈಗೆ ಹೋಗಲು ಒಂದು ವಸ್ತು ಬೇಕು. ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ನಮ್ಮ ಅಟೆಂಡರ್ ಮನೆಯಿಂದ ಮಗ್ಗದ ಹಳೇ ಲಾಳಿಯೊಂದನ್ನು ತಂದುಕೊಟ್ಟರು. ಅವರ ತಂದೆ ಹತ್ತಿ ಮಿಲ್ಲಿನಲ್ಲಿ ದುಡಿದವರು. ಈ ಊರಲ್ಲಿ ಮಿಲ್ಲುಗಳು ಮುಚ್ಚಿದರೂ ಅಟ್ಟದ ಮೇಲೆ ಇಂಥವು ಉಳಿದಿವೆ. ಹೆಡ್‌ಮಾಸ್ಟರಿಗೂ ಎಲ್ಲರಂಥದ್ದೇ ಕುರ್ಚಿ ಹಾಕಿದೆವು. ತೀರ್ಪು ಹೇಳಬಾರದು ಅಂತ ಅವರಿಗೆ ಮೊದಲೇ ಹೇಳಿಟ್ಟಿದ್ದೆವು, ಪಾಪ.

ಲಾಳಿ ಮೊದಲು ವಿಡಿಯೋ ಮಾಡಿದವನ ಕೈಗೆ ಹೋಯಿತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಬಾಯಿ ಬಿಡಲಿಲ್ಲ. "ಹೇಳಪ್ಪಾ, ಹೆದರ್ಬೇಡ" ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಮೇಡಂ ಸುಮ್ನೆ ಕೂತಿದ್ದರು, ನಾನೂ ಸುಮ್ಮನಾದೆ. ಕೊನೆಗೆ ಅವನೇ ಹೇಳಿದ: "ಎಲ್ರೂ ನಗ್ತಾರೆ ಅಂತ ಹಾಕ್ದೆ. ನಕ್ರು."

ಫೋನ್ ಎಸೆದವನು ಅಕ್ಕನ ಕಡೆ ತಿರುಗಿ, "ಅದು ನಿಮ್ದು ಅಂತ ಗೊತ್ತಿರ್ಲಿಲ್ಲ ಅಕ್ಕಾ" ಅಂದ. ಅವಳು ಲಾಳಿ ಬರುವ ತನಕ ಕಾದಳು. ಸೆಮಿಸ್ಟರಿನ ನೋಟ್ಸ್ ಫೋಟೋಗಳೆಲ್ಲ ಅದರಲ್ಲಿದ್ದವು, ಪರೀಕ್ಷೆ ಹತ್ತಿರ ಬಂದಿದೆ ಅಂದಳು. ಅವಳ ಸಿಟ್ಟು ಜಾಸ್ತಿ ಇದ್ದದ್ದು ತಮ್ಮನ ಮೇಲೆಯೇ. ಹೇಳದೆ ಫೋನ್ ಒಯ್ದಿದ್ದಕ್ಕೆ.

ಭಟ್ಟಿಯ ಅಪ್ಪನ ಸರದಿ ಬಂದಾಗ ಮಾನ-ಮರ್ಯಾದೆಯ ಮಾತು ಬರುತ್ತದೆ ಅಂತ ನಾನು ಕಾದಿದ್ದೆ. ಅವರು ಕೇಳಿದ್ದು ಒಂದೇ: "ಆ ವಿಡಿಯೋ ಇನ್ನೂ ಐತಾ?" ಕೋಣೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗ್ರೂಪಿನಲ್ಲಿ ನಕ್ಕವರ ಫೋನುಗಳಲ್ಲೆಲ್ಲ ಅದು ಇಳಿದು ಕೂತಿತ್ತು. ಇಬ್ಬರು ಹುಡುಗರ ಜಗಳ ಅಂತ ನಾವು ಬರೆದುಕೊಂಡಿದ್ದ ಪ್ರಕರಣ ಅಲ್ಲಿಗೆ ಇಡೀ ತರಗತಿಯದ್ದಾಯಿತು.

ಒಪ್ಪಂದವನ್ನು ಅವರವರ ಮಾತಿನಲ್ಲೇ ಬರೆದೆವು. ಫೋನ್ ರಿಪೇರಿ ಖರ್ಚನ್ನು ಎರಡೂ ಮನೆಯವರು ಸಮ ಹಂಚಿಕೊಳ್ಳುವುದು. ಅಕ್ಕನ ಗೆಳತಿಯ ಹತ್ತಿರ ನೋಟ್ಸ್ ಇಸ್ಕೊಂಡು ತಮ್ಮನೇ ಕೈಯಾರೆ ಬರೆದುಕೊಡುವುದು. ಇದು ಅವಳದೇ ಬೇಡಿಕೆ, ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಇಬ್ಬರೂ ಹುಡುಗರು ತರಗತಿಯವರ ಮುಂದೆ ನಿಂತು ವಿಡಿಯೋ ಅಳಿಸಲು ಕೇಳುವುದು. ಈ ಕೊನೆಯದಕ್ಕೆ ಭಟ್ಟಿ ಹುಡುಗ ಒಪ್ಪಲಿಲ್ಲ. "ನಾನ್ಯಾಕೆ ಕೇಳ್ಲಿ? ಅವನೇ ಕೇಳ್ಲಿ" ಅಂದ. ಅವನ ಮಾತು ಸರಿಯಾಗಿತ್ತು, ತಿದ್ದಿದೆವು.

ಒಪ್ಪಂದ ಬರೆಯುವ ಹೊತ್ತಿಗೆ ಎಲ್ಲರಿಗೂ ತಿನ್ನಲು ಏನಾದರೂ ಕೊಡುವುದು ಈ ಪದ್ಧತಿಯ ಭಾಗ. ದಾವಣಗೆರೆಯಲ್ಲಿ ಅಂದರೆ ಮಂಡಕ್ಕಿ-ಮೆಣಸಿನಕಾಯಿ. ಆದರೆ ಆ ದಿನ ಮಂಡಕ್ಕಿ ಬೇಡ ಅಂತ ನಾವೇ ಲೆಕ್ಕ ಹಾಕಿ ಬಿಸ್ಕತ್ತು-ಟೀ ತರಿಸಿದ್ದೆವು. ಭಟ್ಟಿಯ ಅಪ್ಪ ಬಿಸ್ಕತ್ತು ನೋಡಿ ನಕ್ಕರು. "ಹೇಳಿದ್ರೆ ನಾನೇ ಒಂದು ಚೀಲ ತರ್ತಿದ್ದೆ ಸರ್."

ಹುಡುಗರಿಬ್ಬರೂ ಗೆಳೆಯರೇನೂ ಆಗಿಲ್ಲ. ರಿಪೇರಿ ದುಡ್ಡು ಒಂದು ಕಡೆಯಿಂದ ತಡವಾಗಿ ಬಂತು, ಅದಕ್ಕೆ ಮತ್ತೊಮ್ಮೆ ಕೂರಬೇಕಾಯಿತು. ನೋಟ್ಸ್ ಮಾತ್ರ ಪರೀಕ್ಷೆಗೆ ಮೊದಲೇ ಮುಗಿಯಿತು.

ಇದನ್ನು ಕಂಡ ಹೆಡ್‌ಮಾಸ್ಟರಿಗೆ ಹುರುಪು ಬಂತು. ಪ್ರವಾಸದ ದುಡ್ಡು ಕಳುವಾದ ಪ್ರಕರಣವೊಂದಿತ್ತು. ಒಬ್ಬ ಹುಡುಗನ ಮೇಲೆ ಅನುಮಾನ. "ಅವನನ್ನೂ ನಿಮ್ಮ ವೃತ್ತದಲ್ಲಿ ಕೂರಿಸ್ರೀ, ಬಾಯಿ ಬಿಡ್ತಾನೆ" ಅಂದರು. ಮೇಡಂ ಹತ್ತಿರ ಕೇಳಿ ಬಂದು ಆಗಲ್ಲ ಅಂದೆ. ನಾನು ಮಾಡಿಲ್ಲ ಅನ್ನುವವನನ್ನು ಇದರಲ್ಲಿ ಕೂರಿಸುವಂತಿಲ್ಲ. ಇದು ಬಾಯಿ ಬಿಡಿಸುವ ಜಾಗವಲ್ಲ. ಹಾಗೆಯೇ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಇಲ್ಲಿ ಕೂತು ಮುಗಿಸುವ ವಿಷಯವೇ ಅಲ್ಲ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು ಅಂತಲೂ ಹೇಳಿದೆ.

ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಅಂದ್ರೆ ಕಳ್ಳನ್ನ ಹಿಡಿಯೋದು ನನ್ನ ಪಾಲು, ಟೀ ಬಿಸ್ಕತ್ತು ನಿಮ್ಮ ಪಾಲು?"

"ಸದ್ಯಕ್ಕೆ ಹಂಗೇ ಸರ್" ಅಂದೆ.