ಕ್ಯೋಟೋ ತಯಾರಿ: ಎಲೆ ನೋಡಿ, ಬೆಳಕು ನೋಡಿ ದಿನ ಹಂಚಿದ್ದು

ಅಂತೂ ದಿನಾಂಕ ಗಟ್ಟಿಯಾಯಿತು. ನವೆಂಬರ್ 24ಕ್ಕೆ ಕ್ಯೋಟೋ ತಲುಪಿ, ತಿಂಗಳ ಕೊನೆವರೆಗೆ ಅಲ್ಲೇ ಇರುತ್ತೇವೆ, ಅಮ್ಮ ಮತ್ತು ನಾನು. 23ಕ್ಕೆ ಜಪಾನಿನಲ್ಲಿ ಸರ್ಕಾರಿ ರಜೆ. ಕೆಂಪಾದ ಮೇಪಲ್ ಎಲೆ ನೋಡುವವರ ನೂಕುನುಗ್ಗಲು ಆಗ ವಿಪರೀತ. ಅದು ಕಳೆದ ಮೇಲೆ ಇಳಿಯುವುದೇ ವಾಸಿ.

794ರಿಂದ ಸಾವಿರ ವರ್ಷಕ್ಕೂ ಮೀರಿ ರಾಜಧಾನಿಯಾಗಿದ್ದ ಊರು. ಬೌದ್ಧ ದೇವಾಲಯಗಳೇ ಸುಮಾರು 1600. ಪಟ್ಟಿ ಮಾಡುತ್ತಾ ಕೂತರೆ ಮುಗಿಯುವುದೇ ಇಲ್ಲ. ಅದಕ್ಕೇ ನಾನು ಎಲೆ ಮತ್ತು ಬೆಳಕು ನೋಡಿ ದಿನ ಹಂಚುತ್ತಿದ್ದೇನೆ.

ಮೇಪಲ್ ಕೆಂಪಾಗುವುದು ರಾತ್ರಿ ಚಳಿ ಏರಿದಂತೆ. ಹಾಗಾಗಿ ಬಣ್ಣ ಮೊದಲು ಬೆಟ್ಟಕ್ಕೆ ಬರುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ವಾಯವ್ಯದ ತಕಾವೊ ಬೆಟ್ಟದಲ್ಲಿ ನಾವು ಹೋಗುವ ಹೊತ್ತಿಗೆ ಬಹಳಷ್ಟು ಎಲೆ ಉದುರಿರುತ್ತದೆ. ಅಲ್ಲಿನ ಜಿಂಗೊಜಿ ದೇವಾಲಯ ನನಗೆ ತುಂಬಾ ಆಸೆಯಿದ್ದ ಜಾಗ, ಆದರೂ ಕೈಬಿಟ್ಟೆ. ಊರೊಳಗಿನ ತೋಫುಕುಜಿ ದೇವಾಲಯಕ್ಕೆ ಮಾತ್ರ ಅದೇ ಸರಿಯಾದ ಸಮಯ. ಮೇಪಲ್ ತುಂಬಿದ ಕಣಿವೆ, ಅದರ ಮೇಲೆ ಮರದ ಸೇತುವೆ. ಕ್ಯೋಟೋ ಸ್ಟೇಷನ್‌ನಿಂದ ನಾರಾ ಲೈನಿನಲ್ಲಿ ಒಂದೇ ಸ್ಟಾಪು. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಅಲ್ಲಿರಬೇಕು. ಶಿಮೊಗಾಮೊ ದೇಗುಲದ ಕಾಡು ತಡವಾಗಿ ಬಣ್ಣ ಬದಲಿಸುತ್ತದೆ, ಅದಕ್ಕೆ ಕೊನೆಯ ದಿನ.

ಬೆಳಕಿನ ಲೆಕ್ಕ ಇನ್ನೂ ಬಿಗಿ. ಆಗ ಸಂಜೆ 5ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹೆಚ್ಚಿನ ದೇವಾಲಯಗಳು 4ರಿಂದ 5ರೊಳಗೆ ಮುಚ್ಚುತ್ತವೆ. ದಿನಕ್ಕೆ ಎರಡು ಜಾಗ ಸಾಕು. ರಾತ್ರಿ ದೀಪ ಹಾಕುವ ಕಿಯೊಮಿಜು ಮತ್ತು ಎಯ್ಕಾಂದೊ ಮಾತ್ರ ಸಂಜೆಗೆ.

ಎಯ್ಕಾಂದೊದ ಅಮಿತಾಭ ಬುದ್ಧ ನೇರ ನೋಡುವುದಿಲ್ಲ, ತಲೆ ಹಿಂದಕ್ಕೆ ತಿರುಗಿಸಿದ್ದಾನೆ. 1082ರಲ್ಲಿ ಎಯ್ಕಾನ್ ಎಂಬ ಭಿಕ್ಷು ಜಪ ಮಾಡುತ್ತಾ ಪ್ರದಕ್ಷಿಣೆ ಹಾಕುತ್ತಿದ್ದಾಗ ಮೂರ್ತಿಯೇ ಪೀಠದಿಂದಿಳಿದು ಮುಂದೆ ನಡೆಯಿತಂತೆ. ಭಿಕ್ಷು ಬೆರಗಾಗಿ ನಿಂತುಬಿಟ್ಟ. ಬುದ್ಧ ತಿರುಗಿ, ‘ಎಯ್ಕಾನ್, ತಡ ಮಾಡುತ್ತಿದ್ದೀಯ’ ಎಂದನಂತೆ. ಈ ಕಥೆ ಕೇಳಿದ ಮೇಲೆ ಅಮ್ಮ, ಬೇರೆ ಯಾವುದು ತಪ್ಪಿದರೂ ಇದು ತಪ್ಪಬಾರದು ಅಂದಿದ್ದಾರೆ.

ಅವರನ್ನು ತೋಜಿ ದೇವಾಲಯಕ್ಕೂ ಕರೆದುಕೊಂಡು ಹೋಗಲೇಬೇಕು. ಜಪಾನಿನ ಅತಿ ಎತ್ತರದ ಮರದ ಗೋಪುರ, ಸುಮಾರು 55 ಮೀಟರ್, ಅಲ್ಲಿದೆ. ಆದರೆ ನನ್ನನ್ನು ಎಳೆಯುತ್ತಿರುವುದು ಉಪನ್ಯಾಸ ಮಂದಿರದ ಒಳಗಿನ 21 ಮೂರ್ತಿಗಳು. ಅವುಗಳಲ್ಲಿ ಆನೆಯ ಮೇಲೆ ಕೂತ ಇಂದ್ರ ಇದ್ದಾನೆ, ಹಂಸಗಳ ಮೇಲೆ ಬ್ರಹ್ಮನೂ ಇದ್ದಾನೆ. ಭಿಕ್ಷು ಕೂಕಾಯ್ 9ನೇ ಶತಮಾನದಲ್ಲಿ ಯೋಜಿಸಿದ ಮಂಡಲ ಅದು. ನಮ್ಮ ಪುರಾಣದ ಇಂದ್ರ ಅಷ್ಟು ದೂರ ಹೋಗಿ, ಇಷ್ಟು ಕಾಲ ಅಲ್ಲಿ ಪೂಜೆಗೊಳ್ಳುತ್ತಿದ್ದಾನೆ ಅಂದರೆ ಎದೆ ತುಂಬಿ ಬರುತ್ತದೆ, ಅಲ್ವಾ?

25ಕ್ಕೆ ಕಿತಾನೊ ತೆಮ್ಮಂಗು ದೇಗುಲ. ಪ್ರತಿ ತಿಂಗಳೂ ಆ ದಿನವೇ ಅಲ್ಲಿ ಸಂತೆ. ಹಳೇ ಕಿಮೊನೊ, ಪಿಂಗಾಣಿ ಎಲ್ಲ ಸಿಗುತ್ತದೆ. ಪಕ್ಕದಲ್ಲೇ ಮೇಪಲ್ ತೋಟ.

ಊಟದ ವಿಚಾರಕ್ಕೆ ಜಾಸ್ತಿ ಓದಬೇಕಾಯಿತು. ತರಕಾರಿ ಸಾರೇ ಆದರೂ ಅದರ ದಾಶಿಯಲ್ಲಿ, ಅಂದರೆ ಸಾರಿಗೆ ಬಳಸುವ ಮೂಲ ರಸದಲ್ಲಿ, ಸಾಮಾನ್ಯವಾಗಿ ಒಣಮೀನು ಇರುತ್ತದೆ. ಭಿಕ್ಷುಗಳ ಶೋಜಿನ್ ಅಡುಗೆಯಲ್ಲಿ ಕಡಲಪಾಚಿಯ ದಾಶಿ, ಅದು ನಮಗೆ ಆಗುತ್ತದೆ. ನಾನ್‌ಜೆಂಜಿ ದೇವಾಲಯದ ಸುತ್ತ ಬಿಸಿ ತೋಫು ಊಟ ಪ್ರಸಿದ್ಧ, ಅದ್ದಿಕೊಳ್ಳುವ ಸಾಸ್ ಬಗ್ಗೆ ಮಾತ್ರ ಕೇಳಿಕೊಳ್ಳಬೇಕು. ‘ಮೀನಿನ ದಾಶಿಯೂ ಬೇಡ’ ಎಂದು ಜಪಾನೀಸಿನಲ್ಲಿ ಒಂದು ಚೀಟಿ ಬರೆಸುತ್ತಿದ್ದೇನೆ.

ರೂಮು ಸ್ಟೇಷನ್‌ನ ದಕ್ಷಿಣಕ್ಕೆ ನೋಡಿದ್ದೇನೆ. ತೋಜಿಗೆ ನಡೆದೇ ಹೋಗಬಹುದು. ಮಳೆ ಬಂದ ದಿನಕ್ಕೆ ಸಂಜುಸಾಂಗೆಂದೊ ದೇವಾಲಯ: ಕರುಣೆಯ ಬೋಧಿಸತ್ವ ಕನ್ನೊನ್‌ನ 1001 ಮೂರ್ತಿಗಳು, ಎಲ್ಲ ಒಂದೇ ಸೂರಿನಡಿ.

ಬಾಕಿ ಇರುವುದು ವೀಸಾ, ಅಮ್ಮನಿಗೆ ಒಳ್ಳೆಯ ಶೂ. ಶರತ್ಕಾಲದಲ್ಲಿ ಎಲೆ ಬಣ್ಣದ ಮುನ್ಸೂಚನೆ ಬರುತ್ತದೆ. ಅದು ನೋಡಿ ತೋಫುಕುಜಿ, ಶಿಮೊಗಾಮೊ ದಿನಗಳನ್ನು ಅದಲುಬದಲು ಮಾಡಬೇಕೇ ಎಂದು ತೀರ್ಮಾನಿಸುತ್ತೇನೆ.